ಗೇಟಿನಲ್ಲಿ ಪಿಕೆಟ್ ನಿಂತಿದೆ, ಒಳಗೆ ಹೋಗಲೇ? ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಮೇಲೆ ಹೊಸದಾಗಿ ಬಂದವರಿಗೆ ಉತ್ತರ

ಕನ್ಸಲ್ಟೆನ್ಸಿಯವರು ನಿಮ್ಮನ್ನು ಕ್ಲೈಂಟ್‌ನ ಕಾರ್ಖಾನೆಗೆ ಹಾಕಿದ್ದಾರೆ, ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿ ಗೇಟಿನಲ್ಲಿ ಫಲಕ ಹಿಡಿದು ನಿಂತಿದ್ದಾರೆ, ಇದನ್ನೇ ಪಿಕೆಟ್ ಎನ್ನುವುದು. ದಾಟಿ ಹೋಗಬಹುದೇ, ಹೋಗದಿದ್ದರೆ ವೀಸಾ ಗತಿಯೇನು, ಜಗಳ ಕ್ಲೈಂಟ್ ಜೊತೆಗಿರುವಾಗ ನಮ್ಮನ್ನೇಕೆ ತಡೆಯುತ್ತಾರೆ ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಉಳಿದೆರಡರ ಬೇರು ಅಲ್ಲಿದೆ.

ನಮ್ಮ ಕಡೆ ಬಂದ್ ಎಂದರೆ ಜಗಳಕ್ಕೆ ಸಂಬಂಧವೇ ಇಲ್ಲದ ಅಂಗಡಿ, ಹೋಟೆಲು, ಆಟೋ ಎಲ್ಲವೂ ನಿಲ್ಲಬೇಕು. ಅಮೆರಿಕದಲ್ಲಿ ಯೂನಿಯನ್ ಅಂಥದ್ದಕ್ಕೆ ಕೈಹಾಕಿದರೆ ಕಾನೂನು ಬಾಹಿರ. 1935ರ ವ್ಯಾಗ್ನರ್ ಕಾಯ್ದೆ ಸಂಘ ಕಟ್ಟುವ, ಮುಷ್ಕರ ಹೂಡುವ ಹಕ್ಕು ಕೊಟ್ಟಿತು. 1947ರ ಟಾಫ್ಟ್-ಹಾರ್ಟ್ಲಿ ತಿದ್ದುಪಡಿ ಆ ಹಕ್ಕಿಗೆ ಬೇಲಿ ಹಾಕಿತು: ಜಗಳವಿರುವ ಮಾಲೀಕನ ಮೇಲೆ ಒತ್ತಡ ತರಬಹುದು, ಅವನ ಜೊತೆ ವ್ಯವಹಾರ ಮಾಡುವ ಮೂರನೆಯವನನ್ನು ಪಿಕೆಟ್ ಮಾಡಿ 'ಅವನ ಸಂಗ ಬಿಡು' ಎಂದು ಮಣಿಸುವಂತಿಲ್ಲ. ಇದೇ ಸೆಕೆಂಡರಿ ಬಾಯ್ಕಾಟ್, ಸೆಕ್ಷನ್ 8(ಬಿ)(4). ದೂರು ಬಂದು ಅದರಲ್ಲಿ ಹುರುಳಿದೆ ಎನಿಸಿದರೆ ಈ ಕಾಯ್ದೆ ಜಾರಿ ಮಾಡುವ ರಾಷ್ಟ್ರೀಯ ಕಾರ್ಮಿಕ ಮಂಡಳಿಯ (ಎನ್‌ಎಲ್‌ಆರ್‌ಬಿ) ಪ್ರಾದೇಶಿಕ ಕಚೇರಿ ಕೋರ್ಟಿನಿಂದ ತಡೆಯಾಜ್ಞೆ ಕೇಳಲೇಬೇಕು. ನಷ್ಟವಾದವರು ಯೂನಿಯನ್ ಮೇಲೆ ಪರಿಹಾರದ ದಾವೆಯನ್ನೂ ಹೂಡಬಹುದು. ದುಡಿಯುವವರ ಕೈಯಿಂದ ದೊಡ್ಡ ಅಸ್ತ್ರವನ್ನೇ ಕಿತ್ತುಕೊಂಡ ಕಾನೂನು ಇದು ಎಂಬುದು ನನ್ನ ಅಭಿಪ್ರಾಯ. ಹೊಲದ ಕೂಲಿಗಳು ಈ ಕಾಯ್ದೆಯ ಹೊರಗಿದ್ದಾರೆ. ಹಾಗಾಗಿಯೇ 1965ರಿಂದ 1970ರವರೆಗೆ ಕ್ಯಾಲಿಫೋರ್ನಿಯಾದ ಡೆಲಾನೋ ದ್ರಾಕ್ಷಿ ಹೋರಾಟಕ್ಕೆ ದೇಶದ ತುಂಬ ಅಂಗಡಿಗಳ ಮುಂದೆ ಪಿಕೆಟ್ ನಿಲ್ಲಿಸಲು ಸಾಧ್ಯವಾಯಿತು.

ಈಗ ನಿಮ್ಮ ಗೇಟು. ಒಂದೇ ಆವರಣದಲ್ಲಿ ಕ್ಲೈಂಟ್ ನೌಕರರೂ ಗುತ್ತಿಗೆಯವರೂ ಇದ್ದಾಗ ಮಾಲೀಕರು ಸಾಮಾನ್ಯವಾಗಿ ಗುತ್ತಿಗೆಯವರಿಗೆಂದೇ ಬೇರೆ ಗೇಟು ಮಾಡಿ ಬೋರ್ಡು ಹಾಕುತ್ತಾರೆ. ಬೋರ್ಡು ಹಾಕಿದ ಮಾತ್ರಕ್ಕೆ ಆ ಗೇಟಿಗೆ ಪಿಕೆಟ್‌ನಿಂದ ರಕ್ಷಣೆ ಸಿಗುವುದಿಲ್ಲ. ಕೆಂಟಕಿಯ ಲೂಯಿವಿಲ್‌ನಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯ ಮೊಕದ್ದಮೆಯಲ್ಲಿ 1961ರಲ್ಲಿ ಸುಪ್ರೀಂ ಕೋರ್ಟ್ ಷರತ್ತುಗಳನ್ನು ಹೇಳಿತು: ಗೇಟು ನಿಜಕ್ಕೂ ಪ್ರತ್ಯೇಕವಾಗಿರಬೇಕು, ಒಳಹೋಗುವವರ ಕೆಲಸ ಕಾರ್ಖಾನೆಯ ದೈನಂದಿನ ಕೆಲಸಕ್ಕೆ ಸಂಬಂಧಿಸಿರಬಾರದು, ಕಾರ್ಖಾನೆ ಎಂದಿನಂತೆ ನಡೆಯುತ್ತಿರುವಾಗ ಆ ಕೆಲಸ ಮಾಡಹೊರಟರೆ ಉತ್ಪಾದನೆ ಕಡಿಮೆ ಮಾಡಬೇಕಾಗಿ ಬರುವಂಥದ್ದೂ ಆಗಿರಬಾರದು. ಹೊಸ ಕಟ್ಟಡ ಕಟ್ಟುವ ಮೇಸ್ತ್ರಿಗಳಿಗೆ ಇದು ಹೊಂದುತ್ತದೆ. ಉತ್ಪಾದನೆಯ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಹೊಂದುವುದು ಕಷ್ಟ, ಅದು ದಿನನಿತ್ಯದ ಕೆಲಸವೇ. ಕ್ಲೈಂಟ್‌ನ ಸ್ವಂತ ನೌಕರರು ಅಥವಾ ಕಚ್ಚಾಮಾಲಿನ ಲಾರಿ ಆ ಗೇಟಿನಿಂದ ಓಡಾಡತೊಡಗಿದರೆ ಅಲ್ಲೂ ಪಿಕೆಟ್ ನಿಲ್ಲಬಹುದು. ಹಾಗಾಗಿ ಸೆಕ್ಯುರಿಟಿಯವರು ಹೇಳಿದ ಗೇಟನ್ನೇ ಬಳಸಿ, ಹತ್ತಿರವಾಗುತ್ತದೆಂದು ಇನ್ನೊಂದಕ್ಕೆ ನುಗ್ಗಬೇಡಿ.

ದಾಟಿ ಹೋಗುವುದು ಅಪರಾಧವಲ್ಲ. ಅವರು ಕೂಗಬಹುದು, ಕರಪತ್ರ ಕೊಡಬಹುದು, ಹೋಗಬೇಡಿ ಎಂದು ಕೇಳಿಕೊಳ್ಳಬಹುದು; ದಾರಿಗೆ ಅಡ್ಡ ನಿಂತು ಕಾರು ತಡೆಯುವಂತಿಲ್ಲ, ಬೆದರಿಸುವಂತಿಲ್ಲ. ಕಾರಿನ ಗಾಜು ಇಳಿಸಿ ವಾದಕ್ಕಿಳಿಯಬೇಡಿ, ನಿಧಾನವಾಗಿ ಓಡಿಸಿ. ನಿಂತವರು ಸಂಬಳ ಬಿಟ್ಟು ನಿಂತಿರುತ್ತಾರೆ.

ನಮ್ಮವರು ನಿಜವಾಗಿ ಎಡವುವುದು ಗೇಟು ದಾಟಿದ ಮೇಲೆ. ಮುಷ್ಕರ ನಿರತರು ಬಿಟ್ಟುಹೋದ ಕೆಲಸವನ್ನು 'ನಾಲ್ಕು ದಿನ ನೀವೇ ನೋಡಿಕೊಳ್ಳಿ' ಎಂದು ಕ್ಲೈಂಟ್ ಮ್ಯಾನೇಜರ್ ಹೇಳುತ್ತಾರೆ, ಹೊಸಬರು ಹೂಂ ಎನ್ನುತ್ತಾರೆ. ಕ್ಲೈಂಟ್ ಜೊತೆ ಮಾಡಿಕೊಂಡ ಏರ್ಪಾಟಿನ ಮೇಲೆ ಆ ಕೆಲಸಕ್ಕೆ ಕೈಹಚ್ಚಿದರೆ ನಿಮ್ಮ ಕಂಪನಿ ತಟಸ್ಥವಾಗಿ ಉಳಿಯುವುದಿಲ್ಲ. ಕಾನೂನಿನ ಕಣ್ಣಿಗೆ ಅದು ಮಾಲೀಕನ ಮಿತ್ರ. ಆಮೇಲೆ ನಿಮ್ಮ ಕನ್ಸಲ್ಟೆನ್ಸಿಯ ಕಚೇರಿ ಮುಂದೆಯೇ ಪಿಕೆಟ್ ನಿಂತರೂ 8(ಬಿ)(4) ಕಾಪಾಡುವುದಿಲ್ಲ. ಕೆಲಸದ ವಿವರ ಬದಲಾದರೆ ನಿಮ್ಮ ಸ್ವಂತ ಮ್ಯಾನೇಜರ್‌ಗೆ ಅದೇ ದಿನ ಇಮೇಲ್ ಬರೆದು, ಲಿಖಿತ ಉತ್ತರ ಬರುವವರೆಗೆ ಹಳೆಯ ಕೆಲಸವನ್ನಷ್ಟೇ ಮಾಡಿ.

ವೀಸಾ ವಿಷಯ. ಎಲ್‌ಸಿಎ (ಎಚ್-1ಬಿಗಾಗಿ ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿ) ಸಲ್ಲಿಸುವಾಗ ಆ ಜಾಗದಲ್ಲಿ, ಆ ವೃತ್ತಿಯಲ್ಲಿ ಮುಷ್ಕರವಿಲ್ಲ ಎಂದು ಕಂಪನಿ ಮುಚ್ಚಳಿಕೆ ಕೊಟ್ಟಿರುತ್ತದೆ. ಆಮೇಲೆ ಮುಷ್ಕರವಾದರೆ 3 ದಿನದೊಳಗೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಅದೇ ವೃತ್ತಿಯ ಮುಷ್ಕರ ನಡೆದಿರುವ ಜಾಗಕ್ಕೆ ಎಚ್-1ಬಿಯವರನ್ನು ಕಳಿಸುವಂತಿಲ್ಲ. ಇಲ್ಲಿ ತೂಗುವುದು 'ಅದೇ ವೃತ್ತಿ' ಎಂಬ ಮಾತು: ಯಂತ್ರದ ಕಾರ್ಮಿಕರ ಮುಷ್ಕರ ಪ್ರೋಗ್ರಾಮರ್‌ನ ಎಲ್‌ಸಿಎಗೆ ತಟ್ಟುವುದಿಲ್ಲ, ಪ್ರೋಗ್ರಾಮರ್‌ಗಳ ಮುಷ್ಕರ ತಟ್ಟುತ್ತದೆ.

ಈಗಾಗಲೇ ಕೆಲಸಕ್ಕೆ ಸೇರಿದ ಎಚ್-1ಬಿಯವರು ಮುಷ್ಕರದಲ್ಲಿ ಭಾಗವಹಿಸಿದ್ದಕ್ಕಾಗಿಯೇ ಸ್ಟೇಟಸ್ ಕಳೆದುಕೊಳ್ಳುವುದಿಲ್ಲ ಎಂದು ವಲಸೆ ನಿಯಮದಲ್ಲೇ ಇದೆ. ಆದರೆ ಐ-94ರ (ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ದಾಖಲೆ) ಅವಧಿ ಅದರಿಂದ ಬೆಳೆಯುವುದೂ ಇಲ್ಲ. ಬೇರೆಯವರ ಪಿಕೆಟ್ ದಾಟಲಾರೆ ಎಂದು ಮನೆಯಲ್ಲಿ ಉಳಿದರೆ ಆ ದಿನಗಳ ಸಂಬಳ ಸಿಗುತ್ತದೆಂದು ಎಣಿಸಬೇಡಿ, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ತರಲೂಬಹುದು. ಕೆಲಸ ಹೋದರೆ ಇರುವುದು ಗರಿಷ್ಠ 60 ದಿನ, ಐ-94 ಅದಕ್ಕೂ ಮೊದಲು ಮುಗಿದರೆ ಅಲ್ಲಿಯವರೆಗೆ ಮಾತ್ರ. ನಿಮ್ಮ ಕೈಕೆಳಗೆ ಜನರಿದ್ದು ನೀವು ಸೂಪರ್‌ವೈಸರ್ ಎನಿಸಿಕೊಂಡರೆ ಮೇಲೆ ಹೇಳಿದ ಕಾರ್ಮಿಕ ಕಾಯ್ದೆಯ ರಕ್ಷಣೆಯೂ ಇಲ್ಲ. ಆದ್ದರಿಂದ ಪಿಕೆಟ್ ದಾಟದೆ ಮನೆಯಲ್ಲೇ ಉಳಿಯುವ ಮನಸ್ಸಿದ್ದರೆ ಉಳಿಯುವ ಮೊದಲೇ ಕಾರ್ಮಿಕ ಕಾನೂನಿನ ವಕೀಲರನ್ನೂ ವಲಸೆ ವಕೀಲರನ್ನೂ ಕಾಣಿ. ಕಂಪನಿಯ ವಕೀಲರು ಕಂಪನಿಯ ಪರ. ಮಂಡಳಿಗೆ ದೂರು ಕೊಡುವುದಿದ್ದರೆ 6 ತಿಂಗಳೊಳಗೆ ಕೊಡಬೇಕು, ಶುಲ್ಕವಿಲ್ಲ.