ಕುಡಿದು ಮಲಗಿದರೆ ಮಂಚ ಯಾಕೆ ಗಿರ್ರನೆ ತಿರುಗುತ್ತದೆ?

ಪ್ರಶ್ನೆ: ನನಗೆ 38 ವರ್ಷ. ಶನಿವಾರ ರಾತ್ರಿ ಗೆಳೆಯರ ಜೊತೆ ಮೂರು ಪೆಗ್ ವಿಸ್ಕಿ ಹಾಕುವುದು ರೂಢಿ. ಕೂತಿರುವಷ್ಟು ಹೊತ್ತು ಏನೂ ಆಗುವುದಿಲ್ಲ. ಮಲಗಿ ಕಣ್ಣು ಮುಚ್ಚಿದರೆ ಸಾಕು, ಮಂಚವೇ ತಿರುಗುತ್ತದೆ. ಬೆಳಿಗ್ಗೆ ಮಗ್ಗುಲು ಬದಲಿಸಿದಾಗ ಮತ್ತೆ ಶುರು. ಆಗ ಅರ್ಧ ಪೆಗ್ ಹಾಕಿದರೆ ಸರಿಹೋಗುತ್ತದೆ ಅಂತಾರೆ ಗೆಳೆಯರು. ನನ್ನ ಕಿವಿ ಕೆಟ್ಟಿದೆಯಾ ಡಾಕ್ಟ್ರೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕುಡಿದಾಗ ಮಾತ್ರ ಹೀಗಾಗುತ್ತಿದ್ದರೆ ಕಿವಿ ಕೆಟ್ಟಿರುವ ಸಾಧ್ಯತೆ ಕಡಿಮೆ. ಆದರೆ ಆ ತಿರುಗಾಟ ಶುರುವಾಗುವುದು ಕಿವಿಯಲ್ಲೇ.

ಒಂದೊಂದು ಒಳಕಿವಿಯಲ್ಲೂ ಅರ್ಧ ಬಳೆಯಂಥ ಮೂರು ಸಣ್ಣ ನಾಳಗಳಿವೆ. ಒಳಗೆ ಎಂಡೋಲಿಂಫ್ ಎಂಬ ದ್ರವ. ಪ್ರತಿ ನಾಳದ ಬುಡದಲ್ಲಿ ಕ್ಯುಪುಲಾ ಎಂಬ ಮೆತ್ತನೆಯ ಪೊರೆ. ತಲೆ ತಿರುಗಿಸಿದಾಗ ದ್ರವ ಹಿಂದೆ ಉಳಿಯುತ್ತದೆ, ಪೊರೆ ಬಾಗುತ್ತದೆ, 'ತಲೆ ತಿರುಗಿತು' ಎಂದು ಮಿದುಳಿಗೆ ಸುದ್ದಿ ಹೋಗುತ್ತದೆ. ಪೊರೆ, ದ್ರವ ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸುಮ್ನೆ ಮಲಗಿದರೆ ಪೊರೆ ಅಲುಗುವುದಿಲ್ಲ.

ಆಲ್ಕೋಹಾಲ್ ನೀರಿಗಿಂತ ಹಗುರ. ಒಂದು ಲೀಟರ್ ತೂಗುವುದು ಸುಮಾರು 790 ಗ್ರಾಂ ಮಾತ್ರ. ಪೊರೆ ರಕ್ತನಾಳಗಳಿಗೆ ಹತ್ತಿರ ಇರುವುದರಿಂದ ಅದಕ್ಕೆ ಬೇಗ ಸೇರುತ್ತದೆ, ದ್ರವಕ್ಕೆ ನಿಧಾನವಾಗಿ. ಕುಡಿದು ಅರ್ಧ ಗಂಟೆ ಆಗುವ ಹೊತ್ತಿಗೆ ಪೊರೆ ಹಗುರವಾಗಿ ತೇಲಲು ನೋಡುತ್ತದೆ. ಮಗ್ಗುಲಾಗಿ ಮಲಗಿದಿರೋ, ಬಾಗಿಬಿಡುತ್ತದೆ. ನೀವು ಅಲುಗಾಡದಿದ್ದರೂ ಮಿದುಳಿಗೆ ತಿರುಗುತ್ತಿರುವ ಸುದ್ದಿ. ಕಣ್ಣುಗುಡ್ಡೆಗಳೂ ಒಂದು ಕಡೆಗೆ ತಟತಟ ಎಗರುತ್ತಿರುತ್ತವೆ, ಪಕ್ಕದಲ್ಲಿ ಕೂತವರಿಗೂ ಕಾಣಿಸಬಹುದು.

ಮೂರು ನಾಲ್ಕು ಗಂಟೆ ಕಳೆದರೆ ದ್ರವಕ್ಕೂ ಅಷ್ಟೇ ಆಲ್ಕೋಹಾಲ್ ಸೇರಿ ಎರಡೂ ಸಮವಾಗುತ್ತವೆ. ಸ್ವಲ್ಪ ಹೊತ್ತು ನೆಮ್ಮದಿ. ಆಮೇಲೆ ರಕ್ತದಲ್ಲಿ ಅಮಲು ಇಳಿಯತೊಡಗಿದಾಗ ಪೊರೆಯೇ ಮೊದಲು ಖಾಲಿಯಾಗುತ್ತದೆ. ಈಗ ಹಗುರ ಇರುವುದು ದ್ರವ, ಭಾರ ಇರುವುದು ಪೊರೆ. ತಿರುಗುವ ದಿಕ್ಕೂ ಉಲ್ಟಾ. ನಿಮ್ಮ ಬೆಳಗಿನ ತಲೆಸುತ್ತು ಇದೇ.

ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಭಾರಜಲ ಕುಡಿಸಿ ನೋಡಿದ್ದಾರೆ. ಅದು ನೀರಿಗಿಂತ ಭಾರ. ಕಣ್ಣು ಎಗರಿದ್ದು ವಿರುದ್ಧ ದಿಕ್ಕಿಗೆ! ಆಲ್ಕೋಹಾಲ್ ಜೊತೆ ಸರಿಯಾದ ಅಳತೆಯಲ್ಲಿ ಕೊಟ್ಟಾಗ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿತು. (ಭಾರಜಲ ಬಾರಲ್ಲಿ ಸಿಗುವುದಿಲ್ಲ, ಹುಡುಕಬೇಡಿ.)

ಹಾಗಾದರೆ ಬೆಳಗಿನ ಅರ್ಧ ಪೆಗ್? ಗೆಳೆಯರು ಪೂರ್ತಿ ಸುಳ್ಳು ಹೇಳಿಲ್ಲ. ಪೊರೆಗೆ ಮತ್ತೆ ಆಲ್ಕೋಹಾಲ್ ಸೇರಿದರೆ ತಲೆಸುತ್ತು ತಗ್ಗಬಹುದು. ಆದರೆ ಅದನ್ನು ಮಧ್ಯಾಹ್ನಕ್ಕೆ ಮುಂದೂಡಿದಿರಿ ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಬಾಟಲಿ ಮುಟ್ಟುವುದು ಕುಡಿತ ಚಟವಾಗುತ್ತಿರುವ ಲಕ್ಷಣ. ನೀರು ಕುಡಿಯಿರಿ, ತಲೆ ಎತ್ತರಿಸಿ ಮಲಗಿ. ತಿರುಗುವಾಗ ದೀಪ ಹಾಕಿ, ಒಂದು ವಸ್ತುವನ್ನೇ ನೋಡುತ್ತಾ ಒಂದು ಕಾಲನ್ನು ನೆಲಕ್ಕೂರಿ. ಮಿದುಳಿಗೆ ಕಣ್ಣು ಮತ್ತು ಪಾದದಿಂದ ನಿಜ ಸುದ್ದಿ ಸಿಗುತ್ತದೆ.

ನಡೆಯುವಾಗ ತೂರಾಡುವುದು ಬೇರೆ ಕಥೆ. ಅದಕ್ಕೆ ಹೆಚ್ಚಿನ ಕಾರಣ ಕಿವಿಯಲ್ಲ, ಕಿರುಮಿದುಳು.

ನಾನು ಜಾಸ್ತಿ ಹೆದರುವುದು ಬೆಳಗಿನ ಹೊತ್ತಿಗೆ. ನಮ್ಮ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಪೊಲೀಸರ ಯಂತ್ರ ಸೊನ್ನೆ ತೋರಿಸಿದ ಮೇಲೂ ಈ ಎರಡನೇ ಸುತ್ತು ಉಳಿದಿರಬಹುದು. ಅಂಥ ದಿನ ಬೈಕ್ ಬೇಡ, ಏಣಿ ಹತ್ತುವುದೂ ಬೇಡ.

ಕುಡಿಯದ ದಿನವೂ ತಲೆ ಸುತ್ತಿದರೆ, ಕಿವಿ ಗುಂಯ್‌ಗುಟ್ಟಿದರೆ, ಕೇಳುವುದು ಕಡಿಮೆಯಾದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಬದಿ ಸೋತರೆ 'ನಿನ್ನೆಯದು ಇನ್ನೂ ಇಳಿದಿಲ್ಲ' ಎಂದುಕೊಂಡು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಪಾರ್ಶ್ವವಾಯು ಇರಬಹುದು.

ಪ್ರಶ್ನೆ: ಅಪ್ಪ ತಲೆಸುತ್ತಿಗೆ ಮಾತ್ರೆ ನುಂಗಿ, ಸಂಜೆ ಒಂದು ಪೆಗ್ ಕೂಡ ಹಾಕುತ್ತಾರೆ. ಪರವಾಗಿಲ್ವಾ?
– ಒಬ್ಬ ಓದುಗಿ, ಹಾಸನ

ಉತ್ತರ: ಪರವಾಗಿಲ್ಲ ಅನ್ನೋ ಹಾಗಿಲ್ಲ ಅಮ್ಮಾ, ಪೆಗ್ ಬಿಡಿಸಿ. ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ತರಹದ ಮಾತ್ರೆಗಳು ಮೊದಲೇ ಮಂಪರು ತರಿಸುತ್ತವೆ. ಮೇಲೆ ಪೆಗ್ ಸೇರಿದರೆ ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವ ಅಪಾಯ ಹೆಚ್ಚು. ಮಾತ್ರೆ ಬರೆದ ವೈದ್ಯರಿಗೆ ಕುಡಿತದ ವಿಷಯ ಗೊತ್ತಿಲ್ಲದಿದ್ದರೆ ನೀವೇ ತಿಳಿಸಿ.