ಚಿಕ್ಕಪ್ಪನ ಲೆಕ್ಕ, ಬೆಕರ್ ಲೆಕ್ಕ

ಓದುಗರ ಪತ್ರ: ನಾನು ಮಂಡ್ಯದವನು. ಮೈಸೂರಿನಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮನುಷ್ಯ ಏನೇ ಮಾಡಿದರೂ ಲಾಭ ನಷ್ಟ ತೂಗಿಯೇ ಮಾಡುತ್ತಾನೆ, ಚಟವೂ ಅಷ್ಟೇ ಎಂದು ನೊಬೆಲ್ ಪಡೆದ ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಹೇಳುತ್ತಾರೆ. ನಮ್ಮ ಚಿಕ್ಕಪ್ಪ ದಿನಾ ಕುಡಿಯುತ್ತಾರೆ. ಕಬ್ಬಿನ ದುಡ್ಡು ಬಂದ ವಾರವಂತೂ ಕೇಳಲೇಬೇಡಿ. ಅವರೂ ಲೆಕ್ಕ ಹಾಕಿಯೇ ಕುಡಿಯುವುದಾದರೆ ಬಿಡಿಸೋಕೆ ನಾವ್ಯಾರು? ಸರ್ಕಾರ ತೆರಿಗೆ ಹಾಕುವುದು ಯಾಕೆ? ಬಿಡಿಸುವುದೇ ಆದರೆ ಬೆಕರ್ ಹೇಳಿದಂತೆ ಒಂದೇ ಏಟಿಗೆ ಬಿಡಿಸಬಹುದಾ?

ಸಂಪಾದಕರ ಉತ್ತರ: ಬೆಕರ್ ಅವರನ್ನು ಬೈಯುವುದು ಸುಲಭ. ಅವರು ಹೇಳಿದ್ದೇನು ಅಂತ ಮೊದಲು ನೋಡೋಣ. 1988ರಲ್ಲಿ ಅವರೂ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೆವಿನ್ ಮರ್ಫಿಯೂ ಬರೆದದ್ದರ ತಿರುಳು ಇಷ್ಟು. ಇವತ್ತು ಕುಡಿದರೆ ನಾಳೆ ಆಸೆ ಜಾಸ್ತಿಯಾಗುತ್ತದೆ. ಅಷ್ಟೇ ಅಮಲಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಮೈಯೂ ಕೆಡುತ್ತದೆ. ಇದೆಲ್ಲ ಕುಡಿಯುವವನಿಗೆ ಗೊತ್ತು. ಗೊತ್ತಿದ್ದೂ ಇವತ್ತಿನ ಸುಖವೇ ಮೇಲು ಅಂತ ಆರಿಸಿಕೊಳ್ಳುತ್ತಾನೆ. ಕೆಲಸ ಹೋದಾಗ, ಸಂಸಾರ ಮುರಿದಾಗ ಚಟ ಅಂಟುವುದೂ ಈ ಲೆಕ್ಕದಲ್ಲಿ ಸೇರುತ್ತದೆ.

ಇದು ಬರೀ ಮಾತಲ್ಲ, ಪರೀಕ್ಷೆಗೂ ಸಿಗುತ್ತದೆ. ಮುಂದೆ ಬೆಲೆ ಏರುತ್ತದೆ ಎಂದು ಗೊತ್ತಾದರೆ, ಮುಂದಾಲೋಚನೆ ಇರುವವನು ಈಗಿನಿಂದಲೇ ಕಡಿಮೆ ಮಾಡಬೇಕು. ಅಮೆರಿಕದ ಸಿಗರೇಟು ಮಾರಾಟದಲ್ಲಿ ಅಂಥದ್ದೇ ಕಂಡಿತು ಎಂದು 1994ರಲ್ಲಿ ಇವರಿಬ್ಬರೂ ಮೈಕೆಲ್ ಗ್ರಾಸ್‌ಮನ್ ಅವರೂ ಸೇರಿ ತೋರಿಸಿದರು. ಚಟ ಹತ್ತಿದವನಿಗೆ ಬೆಲೆ ನಾಟುವುದೇ ಇಲ್ಲ ಅನ್ನುವ ಮಾತು ಅಲ್ಲಿಗೆ ಬಿತ್ತು. 2023ರ ಜುಲೈ ಬಜೆಟ್‌ನಲ್ಲಿ ಸಿದ್ದರಾಮಯ್ಯ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿದರಲ್ಲ, ಅಂಥ ಸಮಯದಲ್ಲಿ ವೈನ್ ಶಾಪ್ ಮುಂದೆ ನಿಂತು ನೋಡಿ. ಕ್ವಾರ್ಟರ್ ಕೊಳ್ಳುವವನು ತೊಂಬತ್ತು ಎಂ.ಎಲ್. ಪ್ಯಾಕೆಟ್‌ಗೆ ಇಳಿಯುತ್ತಾನೆ, ಇಲ್ಲ ಬ್ರಾಂಡ್ ಬದಲಿಸುತ್ತಾನೆ. ನಿಮ್ಮ ಚಿಕ್ಕಪ್ಪನಿಗೂ ಲೆಕ್ಕ ಬರುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಲೆಕ್ಕ ಹಾಕುವವನು ಒಬ್ಬನೇನಾ?

ಸಂಬಳದ ದಿನ ದುಡ್ಡನ್ನು ಹೆಂಡತಿ ಕೈಗೆ ಕೊಟ್ಟು, 'ಸಾಯಂಕಾಲ ನಾನು ಎಷ್ಟು ಕೇಳಿದರೂ ಕೊಡಬೇಡ' ಅನ್ನುವವರನ್ನು ನೀವೂ ನೋಡಿರುತ್ತೀರಿ. ಅದೇ ಸಾಯಂಕಾಲ ಅದೇ ದುಡ್ಡಿಗಾಗಿ ಅವಳ ಮೇಲೆ ಕೂಗಾಡುತ್ತಾರೆ. ಬೆಕರ್ ಲೆಕ್ಕದ ಮನುಷ್ಯನಿಗೆ ಇಂಥ ಬೀಗ ಬೇಕಾಗಿಲ್ಲ. ಬೇಡ ಅನಿಸಿದರೆ ಸುಮ್ನೆ ಕುಡಿಯದೆ ಇದ್ದರಾಯಿತು! ಬೆಳಿಗ್ಗೆಯ ಮನುಷ್ಯ ಸಾಯಂಕಾಲದ ಮನುಷ್ಯನನ್ನು ಕಟ್ಟಿಹಾಕಲು ನೋಡುವ ಈ ಜಗಳದ ಬಗ್ಗೆ ಥಾಮಸ್ ಶೆಲ್ಲಿಂಗ್ ಬಹಳ ಬರೆದಿದ್ದಾರೆ. ಅವರೂ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರೇ.

ಫಿಲಿಪ್ಪೀನ್ಸ್‌ನಲ್ಲಿ ಇದನ್ನು ಪರೀಕ್ಷಿಸಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿಗರೇಟು ಬಿಡಬೇಕೆನ್ನುವವರು ಬ್ಯಾಂಕಿನಲ್ಲಿ ದುಡ್ಡಿಡಬೇಕು. ಆರು ತಿಂಗಳಾದ ಮೇಲೆ ಮೂತ್ರ ಪರೀಕ್ಷೆ. ನಿಕೋಟಿನ್ ಸಿಕ್ಕರೆ ದುಡ್ಡೆಲ್ಲ ಹೋಯಿತು. ಬಡ್ಡಿಯೂ ಇಲ್ಲದ ಇಂಥ ಖಾತೆಗೆ ಯಾರು ಸೇರುತ್ತಾರೆ ಅಂತೀರಾ? ಅವಕಾಶ ಸಿಕ್ಕವರಲ್ಲಿ ಶೇ 11ರಷ್ಟು ಮಂದಿ ಸೇರಿದರು. ಈ ಅವಕಾಶ ಸಿಕ್ಕ ಗುಂಪಿನಲ್ಲಿ ಬಿಟ್ಟವರ ಪ್ರಮಾಣವೂ ಹೆಚ್ಚಿತ್ತು. ಉಳಿದ ಶೇ 89ರಷ್ಟು ಮಂದಿ ಸೇರಲಿಲ್ಲ, ಅದೂ ನಿಜ. ಬೆಕರ್ ಪರ ವಾದಿಸುವವರು ಅದನ್ನೇ ಹಿಡಿದುಕೊಳ್ಳಬಹುದು. ಆದರೆ ಸೇರಿದ ಆ ಶೇ 11ರಷ್ಟು ಮಂದಿಯನ್ನು ಅವರ ಲೆಕ್ಕದಲ್ಲಿ ಎಲ್ಲಿ ಕೂರಿಸುವುದು? 'ಅವರಿಗೆ ಬೀಗ ಹಾಕಿಸಿಕೊಳ್ಳುವುದರಲ್ಲೇ ಸುಖ' ಅಂದುಬಿಟ್ಟರೆ ಚರ್ಚೆಯೇ ಮುಗಿಯಿತು. ಹಾಗೆ ಹೇಳುತ್ತಾ ಹೋದರೆ ಕಳೆದುಕೊಂಡದ್ದೆಲ್ಲ ವಾಪಸ್ ಸಿಕ್ಕ ಮೇಲೂ ಎರಡನೇ ಸಲ ಪಗಡೆಗೆ ಹೋಗಿ ಕೂತ ಧರ್ಮರಾಯನದೂ ಲೆಕ್ಕಾಚಾರವೇ ಆಗುತ್ತದೆ.

ಇನ್ನು ತೆರಿಗೆ. ಬೆಕರ್ ದಾರಿಯಲ್ಲಿ ಹೋದರೆ, ಕುಡಿಯುವವನಿಂದ ಬೇರೆಯವರಿಗೆ ಆಗುವ ತೊಂದರೆಗೆ ಮಾತ್ರ ತೆರಿಗೆ ಹಾಕಬಹುದು. ಅವನಿಗೆ ಅದರಿಂದ ಬರೀ ನಷ್ಟ. ಆದರೆ ಅಮೆರಿಕ ಮತ್ತು ಕೆನಡಾದಲ್ಲಿ ಅರ್ಥಶಾಸ್ತ್ರಜ್ಞರಾದ ಜೊನಾಥನ್ ಗ್ರೂಬರ್, ಸೆಂಧಿಲ್ ಮುಲ್ಲೈನಾಥನ್ ಕಂಡದ್ದು ಉಲ್ಟಾ. ಸಿಗರೇಟು ತೆರಿಗೆ ಏರಿದಾಗ ಸೇದುವ ಸಾಧ್ಯತೆ ಇರುವವರೇ ಹೆಚ್ಚು ಸಂತೋಷವಾಗಿದ್ದೇವೆ ಎಂದರು. ಬೆಲೆಯೇ ಬೀಗದ ಕೆಲಸ ಮಾಡಿತು, ಅಲ್ವಾ? ಇದನ್ನು ಹಾಗೇ ತಂದು ನಮ್ಮ ಮದ್ಯಕ್ಕೆ ಅಂಟಿಸಲು ನಾನು ಹಿಂಜರಿಯುತ್ತೇನೆ. ಕುಡಿತ ಬಿಡದವನು ಏರಿದ ಬೆಲೆಯನ್ನು ಮಕ್ಕಳ ಫೀಸಿನಿಂದ ಕಟ್ಟುತ್ತಾನೆ. ತೆರಿಗೆ ಇರಲಿ ಎನ್ನುತ್ತೇನೆ, ಬಿಡಿಸುವ ಆಸ್ಪತ್ರೆಗೂ ಅದರ ಪಾಲು ಹೋಗಲಿ.

ನಿಮ್ಮ ಕೊನೆಯ ಪ್ರಶ್ನೆ ಮುಖ್ಯ. ಗಟ್ಟಿ ಚಟ ಒಂದೇ ಏಟಿಗೆ ನಿಲ್ಲುತ್ತದೆ ಎಂದು ಬೆಕರ್ ಮತ್ತು ಮರ್ಫಿ ಬರೆದದ್ದು ಹೌದು. ಸಿಗರೇಟಿಗೆ ಅದು ನಡೆದೀತು. ವರ್ಷಗಟ್ಟಲೆ ದಿನಾ ಜೋರಾಗಿ ಕುಡಿದವರ ಮೇಲೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಜೀವಕ್ಕೂ ಅಪಾಯ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಬರುತ್ತೀರಾ ಅಂತ ಚಿಕ್ಕಪ್ಪನನ್ನು ಬೆಳಿಗ್ಗೆ ಹೊತ್ತಲ್ಲಿ ಕೇಳಿ. ಒಪ್ಪಿದರೆ ಅವತ್ತೇ ಕರೆದುಕೊಂಡು ಹೋಗಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಯಾವಾಗ ಅನ್ನುವುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.