ಕೊಳಗದ ಲೆಕ್ಕ ಗೊತ್ತಿದ್ದ ಶಾಸಕ

ಜೇಬಲ್ಲಿ ದುಡ್ಡಿಲ್ಲದ ಹಳ್ಳಿಯವನು ಎಂಎಲ್‌ಎ ಆಗೋಕೆ ಸಾಧ್ಯವಾ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬಗ್ಗೆ ಹೇಳೋದೆಲ್ಲ ಆಮೇಲೆ ಕಟ್ಟಿದ ಕಥೆ ಅಲ್ವಾ ಎಂದು ಕೇಳಿದ್ದೀರಿ. ನಾನು ಸಾಗರದ ಕಡೆಯವನು, ನಮ್ಮದು ಗೇಣಿ ಒಕ್ಕಲಿನ ಮನೆ, ಅಂದರೆ ಒಡೆಯರ ಗದ್ದೆ ಉತ್ತು ಬೆಳೆಯಲ್ಲಿ ಪಾಲು ಅಳೆದು ಕೊಡುತ್ತಿದ್ದವರು. ಹಾಗಾಗಿ ನನ್ನ ಮಾತಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು, ಸಹಿಸಿಕೊಳ್ಳಿ.

ಅವರು ಗೆದ್ದದ್ದು ಹೇಗೆ ಅಂತ ತಿಳಿಯೋಕೆ ಮೊದಲು ಕೊಳಗ, ಅಂದರೆ ಬತ್ತ ಅಳೆಯುವ ಪಾತ್ರೆ, ನೋಡಬೇಕು. ನಮ್ಮ ಅಟ್ಟದ ಮೇಲೆ ಒಂದು ಇದೆ. ಬತ್ತ ತುಂಬಿ ಅಂಚಿಗೆ ಸರಿಯಾಗಿ ಕೈ ಎಳೆದರೆ ಮೂರು ಸೇರು. ಒಡೆಯರು ಗೇಣಿ ಅಳೆಸಿಕೊಳ್ಳುತ್ತಿದ್ದದ್ದು ಇದಕ್ಕಿಂತ ದೊಡ್ಡದರಲ್ಲಿ. ಲೆಕ್ಕದಲ್ಲಿ ಮಾತ್ರ ಅದೂ ಒಂದೇ ಕೊಳಗ! ಒಂದೊಂದಕ್ಕೆ ಒಂದು ಸೇರು ಜಾಸ್ತಿ ಹೋದರೂ 100 ಕೊಳಗ ಅಳೆಯುವಷ್ಟರಲ್ಲಿ 33 ಕೊಳಗ ಬತ್ತ ಸುಮ್ನೆ ಹೋಯ್ತು. ಮಳೆಗಾಲದಲ್ಲಿ ಮನೆಮಂದಿ ಉಣ್ಣಬೇಕಾದ ಬತ್ತ ಅದು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಮೂರು ಸೇರಿನ ಕೊಳಗವೇ ಆಗಬೇಕು ಎಂದು ಪಟ್ಟು ಹಿಡಿದರು. ಗದ್ದೆಗೆ ಇಳಿಯಬೇಡಿ ಎಂದರೂ ಇಳಿದು ಉತ್ತರು, ಜೈಲಿಗೆ ಹೋದರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಸಮಾಜವಾದಿ ಪಕ್ಷವನ್ನು ಅವರ ಬೆನ್ನಿಗೆ ನಿಲ್ಲಿಸಿದವರು ಗೋಪಾಲಗೌಡರು. ಪಕ್ಷದ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು.

ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಗೇಣಿದಾರನಿಗೂ ಒಂದೇ ವೋಟು, ಒಡೆಯನಿಗೂ ಒಂದೇ. ಅಳತೆಯಲ್ಲಿ ಮೋಸ ಮಾಡೋಕೆ ಅಲ್ಲಿ ಜಾಗ ಇರಲಿಲ್ಲ! ಇನ್ನೂ 30 ದಾಟಿರದ ಗೌಡರು ಸಾಗರ–ಹೊಸನಗರದಿಂದ ಗೆದ್ದರು. ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು, ಗೌಡರು ಆ ಜಾತಿಯವರಲ್ಲ. ಊರೂ ಅಲ್ಲಿಯದಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆಯವರು. ಈಗ ಟಿಕೆಟ್ ಹಂಚುವವರು ಮೊದಲು ಕೇಳುವ ಎರಡೂ ಪ್ರಶ್ನೆಗಳಲ್ಲಿ ಅವರು ಫೇಲು.

ದುಡ್ಡಿನ ವಿಷಯಕ್ಕೆ ಬಂದರೆ, ‘ಒಂದು ವೋಟು, ಒಂದು ನೋಟು’ ಎಂಬ ಮಾತು ನಮ್ಮ ಕಡೆ ಇಂದಿಗೂ ಅವರ ಹೆಸರಿಗೇ ಅಂಟಿಕೊಂಡಿದೆ. ನೋಟು ಕೊಡಬೇಕಾದವನು ಮತದಾರ, ತಗೊಳ್ಳುವವನು ಅಭ್ಯರ್ಥಿ. ಈಗಿನ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಆಗ ವಿಧಾನಸೌಧ ಎದ್ದಿರಲಿಲ್ಲ, ವಿಧಾನಸಭೆ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ, ಈಗಿನ ಹೈಕೋರ್ಟ್ ಕಟ್ಟಡದಲ್ಲಿ, ಸೇರುತ್ತಿತ್ತು. 99 ಜನರಲ್ಲಿ 74 ಮಂದಿ ಕಾಂಗ್ರೆಸ್ಸಿನವರು. ಅಷ್ಟು ಜನರ ಎದುರು ನಿಂತು ಗೇಣಿ, ಒಕ್ಕಲೆಬ್ಬಿಸುವುದು ಅಂತೆಲ್ಲ ಮಾತಾಡೋಕೆ ಗಂಟಲು ಗಟ್ಟಿ ಇದ್ದರೆ ಸಾಲದು, ವಿಷಯ ಗೊತ್ತಿರಬೇಕು. ಅವರಿಗೆ ಗೊತ್ತಿತ್ತು.

ಹಾಗಂತ ಜನ ಅವರನ್ನು ತಲೆ ಮೇಲೆ ಹೊತ್ತುಕೊಂಡೇ ತಿರುಗಿದರು ಅಂದುಕೊಳ್ಳಬೇಡಿ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮೂರು ಸಲ ಶಾಸಕರಾದರೂ ಮಂತ್ರಿಯಾಗಲಿಲ್ಲ, ಕೂತದ್ದೆಲ್ಲ ವಿರೋಧ ಪಕ್ಷದ ಸಾಲಿನಲ್ಲೇ. ಮುಂದೆ ಮುಖ್ಯಮಂತ್ರಿಗಳಾದ ಬಂಗಾರಪ್ಪ, ಜೆ.ಎಚ್. ಪಟೇಲರು ರಾಜಕೀಯಕ್ಕೆ ಬಂದದ್ದು ಇದೇ ಸಮಾಜವಾದಿ ಗರಡಿಯಿಂದ.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೇ ಬೇಕು ಎಂದು ಸದನದಲ್ಲಿ ವಾದಿಸಿದವರಲ್ಲಿ ಅವರೂ ಒಬ್ಬರು. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಅವರು ತೀರಿಕೊಂಡದ್ದು 1972ರ ಜೂನ್ 9ಕ್ಕೆ, 49ನೇ ವಯಸ್ಸಿಗೆ. ಉಳುವವನಿಗೇ ಭೂಮಿ ಎಂದ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಅದನ್ನೂ ಅವರು ನೋಡಲಿಲ್ಲ.

ನಾವು ಉಳುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಮಾಡಿಕೊಡಿ ಎಂದು ನಮ್ಮಜ್ಜ ಡಿಕ್ಲರೇಶನ್ ಹಾಕಿದ್ದು ಆಗಲೇ. ಫಾರಂ ನಂಬರ್ 7. ಗದ್ದೆ ನಮ್ಮ ಹೆಸರಿಗಾದ ಮೇಲೆ ಅಳೆದು ಕೊಡುವುದು ನಿಂತಿತು, ಕೊಳಗಕ್ಕೆ ಕೆಲಸ ಇಲ್ಲವಾಯಿತು. ಅಜ್ಜಿ ಅದನ್ನು ಬಚ್ಚಲ ಒಲೆಗೆ ಹಾಕೋಕೆ ಹೊರಟಾಗ ಅಜ್ಜ ಬಯ್ದು, ಕಸಿದುಕೊಂಡು, ತಾವೇ ಅಟ್ಟಕ್ಕೆ ಹತ್ತಿಸಿದರಂತೆ.